ಗರಿಕೆ ಕಿತ್ತ ಕೈಗಳು ಹಾಕಿದ ಲಾನು

ಮೊನ್ನೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದ್ದಳು. ನನ್ನ ನಂಬರು ಯಾರು ಕೊಟ್ಟರೋ ಕಾಣೆ. "ಸಾರ್, ಆಫೀಸಿನ ಮುಂದೆ ಲಾನು ಹಾಕ್ಬೇಕಂತೆ. ಬೀಜ ಚೆಲ್ಲೋದಾ, ಬೇರು ನೆಡೋದಾ, ಹುಲ್ಲಿನ ಚೌಕ ತಂದು ಹಾಸೋದಾ, ಇಲ್ಲಾ ಸಗಣೀಲಿ ಕಲಸಿ ಸಾರಿಸೋದಾ? ಯಾವ ವಿಧಾನ ಒಳ್ಳೇದು ಸಾರ್?" ಅಂತ ಒಂದೇ ಉಸಿರಿಗೆ ಕೇಳಿದಳು.

"ಪುಸ್ತಕ ನೋಡಮ್ಮ" ಅಂದೆ.

"ನೋಡ್ದೆ ಸಾರ್. ಪುಸ್ತಕದಲ್ಲಿ ನಾಲ್ಕೂ ಒಳ್ಳೇದು ಅಂತಿದೆ."

ಇರುತ್ತೆ. ಪುಸ್ತಕ ಬರೆದವರು ಲಾನು ಹಾಕಿದ ಮೇಲೆ ಅದರ ಪಕ್ಕ ನಿಂತು ಸಾಹೇಬರಿಗೆ ಉತ್ತರ ಹೇಳಬೇಕಾಗಿಲ್ಲವಲ್ಲ. ಆ ಮಗುವಿಗೆ ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧ. ಉಳಿದಿದ್ದನ್ನು ಇಲ್ಲಿ ಬರೆದಿಡುತ್ತೇನೆ. ನಾನು ತೋಟಗಾರಿಕೆ ಸಹಾಯಕನಾಗಿ ಈ ಸುತ್ತಿನ ನಾಲ್ಕು ಊರುಗಳಲ್ಲಿ ತಿರುಗಿ ತಿರುಗಿ ರಿಟೈರಾದವನು. ಮಾವಿನ ಕಸಿ ಕಟ್ಟಿದ್ದೀನಿ, ದ್ರಾಕ್ಷಿ ಚಪ್ಪರಕ್ಕೆ ಔಷಧಿ ಹೊಡೆಸಿದ್ದೀನಿ. ಅದರಲ್ಲೆಲ್ಲ ನನ್ನ ಮಾನ ಹೋಗಲಿಲ್ಲ. ಹೋಗಿದ್ದೆಲ್ಲ ಬೆರಳುದ್ದದ ಹುಲ್ಲಿನಲ್ಲಿ.

ಮೊದಲು ಹೋಗಿದ್ದು ಗೌರಿಬಿದನೂರಿನಲ್ಲಿ.

ಅಲ್ಲೊಂದು ಸರ್ಕಾರಿ ಕಟ್ಟಡದ ಮುಂದೆ ಲಾನು ಮಾಡಬೇಕಿತ್ತು. ಆಗಿನ ನಮ್ಮ ಸಾಹೇಬರು ಬೀಜದ ಪಕ್ಷ. ಬೇರೆ ಯಾವುದೇ ವಿಧಾನ ಹೇಳಿದರೂ "ಅದು ಹಳೇ ಕಾಲದ್ದು ಆಂಜಿನಪ್ಪ" ಅನ್ನುತ್ತಿದ್ದರು. ಸರಿ, ಸಾಸಿವೆಗಿಂತ ಸಣ್ಣ ಬೀಜ, ಮರಳಲ್ಲಿ ಬೆರೆಸಿ, ಉಸಿರು ಬಿಗಿಹಿಡಿದು ಎರಚಿದೆ. ಅಂಗಳ ಗೇಟಿನ ಕಡೆಗೆ ಒಂದಿಷ್ಟು ಇಳಿಜಾರು. ಅದನ್ನು ಕಂಡೂ ಕಾಣದ ಹಾಗೆ ಬಿಟ್ಟೆ. ಸಂಜೆ ಬಂತು ನೋಡಿ ಒಂದು ಮಳೆ!

ಇಪ್ಪತ್ತು ದಿನ ಕಳೆಯಿತು. ನಮ್ಮ ಅಂಗಳದಲ್ಲಿ ಕೆಂಪು ಮಣ್ಣು ಹಾಗೇ ಇತ್ತು. ಗೇಟಿನಾಚೆ, ರಸ್ತೆಯ ಆ ಬದಿಗೆ ತಗ್ಗಿನಲ್ಲಿ ಅಲೀಪುರದ ಅಬ್ಬಾಸ್ ಸಾಬರ ಸೈಕಲ್ ಅಂಗಡಿ. ಅದರ ಮುಂದೆ ಮಖಮಲ್ಲಿನಂಥ ಹಸಿರು! ಅವರು ಅದರ ಮೇಲೆ ಎರಡು ಕುರ್ಚಿ ಬೇರೆ ಹಾಕಿದ್ದರು.

"ಬನ್ನಿ ಆಂಜಿನಪ್ಪನವರೇ, ಕೂತ್ಕಳಿ. ಸಂಕೋಚ ಯಾಕೆ, ನಿಮ್ದೇ ಅಲ್ವಾ ಲಾನು" ಅಂತ ಚಾ ತರಿಸಿದರು. ಕುಡಿದೆ. ಏನು ಮಾಡಲಿ? ಆಚೆ ಕಡೆ ಸಾಹೇಬರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಮಾರನೆ ದಿನ ನನಗೊಂದು ಮೆಮೊ ಬಂತು: ಸದರಿ ಹುಲ್ಲನ್ನು ಮೂಲ ಸ್ಥಳಕ್ಕೆ ಹಿಂದಿರುಗಿಸಲು ಸಾಧ್ಯವೇ, ತಿಳಿಸುವುದು.

ಬೀಜದ ಮೇಲೆ ಆಸೆ ಅಲ್ಲಿಗೆ ಹೋಯಿತು. ಹಾಗಾಗಿ ಚಿಂತಾಮಣಿಯಲ್ಲಿ ಮತ್ತೊಂದು ಅಂಗಳ ಬಂದಾಗ ಹುಲ್ಲಿನ ಚೌಕಗಳನ್ನೇ ಹಾಸೋಣ ಅಂತ ಹೊರಟೆ. ಕೆರೆ ಅಂಗಳದಲ್ಲಿ ಬೆಳೆದ ಹುಲ್ಲನ್ನು ಮಣ್ಣಿನ ಸಮೇತ ಮೊಳದುದ್ದ ಮೊಳದಗಲ ಕತ್ತರಿಸಿ ಟ್ರಾಕ್ಟರಿನಲ್ಲಿ ತಂದೆವು. ಹಾಸೋದು ನೇರವಾಗಿರಲಿ ಅಂತ ನಾನೇ ಬುದ್ಧಿ ಓಡಿಸಿ ಒಬ್ಬ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಪುಣ್ಯಾತ್ಮ ದಾರ ಕಟ್ಟಿ, ರಸಮಟ್ಟ ಇಟ್ಟು, ನೆಲಕ್ಕೆ ಕಲ್ಲು ಹಾಸುವ ಹಾಗೆ ಚೌಕ ಚೌಕದ ನಡುವೆ ಬೆರಳಗಲ ಸಂದು ಬಿಟ್ಟು ಹಾಸಿದ. "ಸಂದಿಗೆ ಸಿಮೆಂಟು ಯಾವಾಗ ಬರುತ್ತೆ ಸಾರ್?" ಅಂತ ಕೇಳಿದಾಗಲೇ ನನಗೆ ವಿಷಯ ಹೊಳೆದಿದ್ದು.

ಬೇಸಗೆ ಬಂತು. ಕೆರೆಯ ಜೇಡಿಮಣ್ಣು ಒಣಗಿ ಒಂದೊಂದು ಚೌಕವೂ ಕುಗ್ಗಿತು. ಬೆರಳಗಲದ ಸಂದು ಅಂಗೈ ಅಗಲವಾಯಿತು. ಆ ಆಫೀಸಿನ ಗುಮಾಸ್ತರು ಊಟದ ಹೊತ್ತಿಗೆ ಹೊರಗೆ ಬಂದು, "ಆಂಜಿನಪ್ಪನವರೇ, ಕವಡೆ ತರ್ಲಾ? ಚೌಕಾಬಾರ ಆಡೋಣ" ಅನ್ನುತ್ತಿದ್ದರು. ಸಾಲದ್ದಕ್ಕೆ ಮಣ್ಣಿನ ಜೊತೆ ಕೆರೆಯ ಕಪ್ಪೆಗಳೂ ಬಂದಿದ್ದವು. ಅವುಗಳಲ್ಲೊಂದು ಫೈಲಿನ ಬೀರುವಿನಲ್ಲಿ ಸಂಸಾರ ಹೂಡಿತ್ತು ಅಂತ ಅವರೇ ಹೇಳಿದ್ದು. ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದರೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಹೊಸದರಲ್ಲಿ ಅಲ್ಲೊಂದು ಹೊಸ ಕಟ್ಟಡದ ಅಂಗಳ ನನ್ನ ಪಾಲಿಗೆ ಬಂದಾಗ ನನ್ನ ಹೆಸರು ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು.

ಅಲ್ಲಿನ ಸಾಹೇಬರು ಪ್ರಭಾಕರ್ ಅಂತ. ಕರಾವಳಿ ಕಡೆಯವರು, ವಯಸ್ಸು ನನ್ನ ಅರ್ಧ. ಒಳ್ಳೆಯವರೇ, ಆದರೆ ಜೇಬಿನಲ್ಲಿ ಸದಾ ಒಂದು ಟೇಪು. ಗಿಡದ ನೆರಳನ್ನೂ ಅಳೆಯುತ್ತಿದ್ದರು. ಮೊದಲ ದಿನವೇ, "ಗೌರಿಬಿದನೂರಿನ ಆಂಜಿನಪ್ಪ ಅಂದ್ರೆ ನೀವೇನಾ?" ಅಂದರು. ನಾನು ಹಲ್ಲು ಕಿರಿದೆ. ಅವರ ಮೇಜಿನ ಮೇಲೆ ಬೆಂಗಳೂರಿನ ಒಬ್ಬ ಕಂಟ್ರಾಕ್ಟರು ಬಿಟ್ಟುಹೋದ ಫೋಟೋ ಆಲ್ಬಮ್ಮು ಇತ್ತು. ಮದುವೆ ಆಲ್ಬಮ್ಮಿನ ಹಾಗೆ ದಪ್ಪ. ಅದರಲ್ಲಿ ಲಾನನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಲಾರಿಯಲ್ಲಿ ತಂದು ಬಿಡಿಸಿ ಹಾಸುವ ಚಿತ್ರಗಳು. ಬೆಳಿಗ್ಗೆ ಮಣ್ಣು, ಸಾಯಂಕಾಲ ಹಸಿರು.

"ಇವರು ಹಾಸಿಕೊಡ್ತಾರೆ, ಆಮೇಲೆ ಅವರ ಜನಾನೇ ನೋಡ್ಕೊಳ್ತಾರೆ" ಅಂದರು ಸಾಹೇಬರು.

ನನಗೆ ಕಿವಿ ನೆಟ್ಟಗಾಗಿದ್ದು ಆ 'ಅವರ ಜನ' ಅನ್ನುವಲ್ಲಿ. ನನ್ನ ಕೈಕೆಳಗೆ ಏಳು ಜನ ಹೆಂಗಸರು ದಿನಗೂಲಿಯಲ್ಲಿದ್ದರು. ಎಲ್ಲ ಶಿಡ್ಲಘಟ್ಟದ ಸಾದಲಿ ಕಡೆಯವರು. ತೋಟದ ಕೆಲಸ ಎಲ್ಲೇ ಬಂದರೂ ಕರೆದುಕೊಂಡು ಹೋಗುತ್ತಿದ್ದೆ, ಲಾನಿನ ಕೆಲಸ ಮಾತ್ರ ಅವರು ಕಂಡಿರಲಿಲ್ಲ. ಅವರ ಮುಖ್ಯಸ್ಥೆ ನಾರೆಮ್ಮ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಮಾತಿನಲ್ಲಿ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ಕಂಟ್ರಾಕ್ಟರು ಬಂದರೆ ಈ ಏಳು ಜನ ಬೆಳಗಿನ ಬಸ್ಸಿಗೆ ಕಾಯುವ ಕಾರಣವೇ ಇರುವುದಿಲ್ಲ.

"ಸಾರ್, ನನಗೊಂದು ಅವಕಾಶ ಕೊಡಿ. ಸಗಣಿ ಬಗ್ಗಡದ ವಿಧಾನದಲ್ಲಿ ಮಾಡಿ ತೋರಿಸ್ತೀನಿ. ಲಾರಿ ಬೇಡ, ಮೇಸ್ತ್ರಿ ಬೇಡ, ನಮ್ಮ ಹೆಂಗಸರೇ ಸಾಕು" ಅಂದೆ.

ಆಷಾಢ ಕಳೆಯಲಿ ಅಂತ ಉದ್ಘಾಟನೆಯನ್ನು ಶ್ರಾವಣಕ್ಕೆ ಇಟ್ಟಿದ್ದರು. ಸಾಹೇಬರು ಬೆರಳು ಮಡಿಸಿ ಎಣಿಸಿ, "ಸರಿ" ಅಂದರು. ಆಲ್ಬಮ್ಮನ್ನು ಮಾತ್ರ ವಾಪಸು ಕಳಿಸಲಿಲ್ಲ.

ಈ ವಿಧಾನ ನನಗೆ ಪುಸ್ತಕದಿಂದ ಬಂದಿದ್ದಲ್ಲ. ನಮ್ಮಜ್ಜಿ ಕಣ ಸಾರಿಸುವುದನ್ನು ನೋಡಿದವನಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ. ನೆಲ ಅಗೆದು, ಕಲ್ಲು ಆರಿಸಿ, ತಿಪ್ಪೆ ಗೊಬ್ಬರ ಹಾಕಿ ಮಟ್ಟ ಮಾಡಬೇಕು. ಗರಿಕೆಯನ್ನು ಬೆರಳುದ್ದ ಕೊಚ್ಚಿ, ಹಸಿ ಸಗಣಿ, ಕೆಂಪು ಮಣ್ಣು, ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು. ಅದನ್ನು ನೆಲಕ್ಕೆ ಒಂದಂಗುಲ ದಪ್ಪ ಸಾರಿಸಿ, ಮೇಲೆ ಒಣಹುಲ್ಲು ಮುಚ್ಚಿ ನೀರು ಚಿಮುಕಿಸುತ್ತಿದ್ದರೆ ಒಂದೊಂದು ಗಿಣ್ಣಿನಿಂದಲೂ ಗರಿಕೆ ಚಿಗುರುತ್ತೆ. ಅಷ್ಟೆ.

ಗರಿಕೆ ತರಲು ಮೇಲೂರಿನ ಒಬ್ಬ ರೈತರ ಹೊಲಕ್ಕೆ ಹೋದೆವು. ಅವರು ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದರು. "ಗರಿಕೆ ಕೇಳ್ಕೊಂಡು ಬಂದೋರ್ನ ಹುಟ್ಟಿದ ಮೇಲೆ ಇದೇ ಮೊದ್ಲು ನೋಡ್ತಿರೋದು ಸ್ವಾಮಿ. ಎಲ್ಲಾ ಕಿತ್ಕೊಳಿ. ಊಟ ಮಾಡ್ಕೊಂಡು ಹೋಗಿ. ನಾಳೇನೂ ಬನ್ನಿ!"

ಹೆಂಗಸರು ಗರಿಕೆ ಕೊಚ್ಚಲು ಕೂತರು. ಮಚ್ಚು ಹಿಡಿದು, ಹಲ್ಲು ಕಚ್ಚಿ, ಏನೋ ಹಳೇ ಸೇಡು ತೀರಿಸಿಕೊಳ್ಳುವ ಹಾಗೆ ಕೊಚ್ಚಿದರು. ನಾನು ಅದನ್ನು ಕೆಲಸದ ಮೇಲಿನ ಶ್ರದ್ಧೆ ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಸಾರಿಸುವುದನ್ನಂತೂ ಅವರಿಗೆ ಹೇಳಿಕೊಡಬೇಕೇ? ಒಂದೇ ದಿನದಲ್ಲಿ ಅಂಗಳವೆಲ್ಲ ಹಬ್ಬದ ಮನೆ ಮುಂದಿನ ಹಾಗೆ ನುಣ್ಣಗಾಯಿತು. ಅಭ್ಯಾಸಬಲ, ಒಬ್ಬಳು ನಡುವೆ ಒಂದು ಎಳೆ ರಂಗೋಲಿಯನ್ನೂ ಎಳೆದುಬಿಟ್ಟಿದ್ದಳು. ಸಾಹೇಬರು ಬಂದು ಟೇಪು ಹಿಡಿದು, "ಇದು ಯಾವುದರ ಗುರುತು ಆಂಜಿನಪ್ಪ?" ಅಂದರು. "ಮಧ್ಯಭಾಗದ್ದು ಸಾರ್" ಅಂದೆ.

ಆರಿದ್ರಾ ಮಳೆ ಚೆನ್ನಾಗಿ ಹನಿಯಿತು. ಎರಡು ವಾರ ಕಳೆಯುವಷ್ಟರಲ್ಲಿ ಹಸಿರು ಎದ್ದಿತು. ಹತ್ತಿರ ಹೋಗಿ ನೋಡಿದರೆ ಗರಿಕೆಯ ಜೊತೆ ರಾಗಿಯೂ ಎದ್ದಿತ್ತು. ತಿಪ್ಪೆ ಗೊಬ್ಬರದಲ್ಲಿ ರಾಗಿ ಹೊಟ್ಟು ಇದ್ದೇ ಇರುತ್ತೆ, ಹೊಟ್ಟಿನಲ್ಲಿ ಕಾಳೂ ಇರುತ್ತೆ. ಅದೇನು ದೊಡ್ಡದಲ್ಲ, ಕಿತ್ತರಾಯಿತು. ಅಷ್ಟರಲ್ಲಿ ನನಗೆ ಮೂರು ದಿನದ ತರಬೇತಿಗೆ ಚಿಂತಾಮಣಿಗೆ ಹೋಗಬೇಕಾಗಿ ಬಂತು. ಹೊರಡುವಾಗ, "ನಾರೆಮ್ಮ, ಕಳೆ ಎದ್ದಿದೆ. ನಾನು ಬರೋಷ್ಟರಲ್ಲಿ ಚೆನ್ನಾಗಿ ಕಿತ್ತಿಡಿ" ಅಂದೆ.

"ಅದು ನಮಗೆ ಹೇಳ್ಬೇಕಾ ಸಾರ್? ನೆಮ್ಮದಿಯಾಗಿ ಹೋಗ್ಬನ್ನಿ" ಅಂದಳು.

ಹೋಗಿಬಂದೆ. ಗೇಟಿನಲ್ಲಿ ನಿಂತು ನೋಡಿದೆ. ಅಂಗಳದಲ್ಲಿ ಗರಿಕೆಯ ಎಳೆಯೊಂದೂ ಕಾಣಲಿಲ್ಲ. ಇದ್ದಿದ್ದು ರಾಗಿ! ದಟ್ಟವಾಗಿದ್ದ ಕಡೆ ಕಿತ್ತು, ತೆಳ್ಳಗಿದ್ದ ಕಡೆ ನೆಟ್ಟು, ಗೇಣಿಗೊಂದರಂತೆ ಸಾಲು ಹಿಡಿದು ಮಾಡಿದ ಮುದ್ದಾದ ರಾಗಿ ಪೈರು. ಕಿತ್ತ ಗರಿಕೆಯೆಲ್ಲ ಕಾಂಪೌಂಡಿನ ಮೂಲೆಯ ಹೊಂಗೆ ಮರದಡಿ ರಾಶಿ ಬಿದ್ದಿತ್ತು.

"ನೋಡಿ ಸಾರ್, ಒಂದೆಳೆ ಬಿಟ್ಟಿಲ್ಲ" ಅಂದಳು ನಾರೆಮ್ಮ, ಸೊಂಟದ ಮೇಲೆ ಕೈಯಿಟ್ಟು.

"ನಾರೆಮ್ಮಾ... ಗರಿಕೆ ಯಾಕೆ ಕಿತ್ರಿ?"

"ಇದೇನ್ ಸಾರ್ ಹಿಂಗ್ ಕೇಳ್ತೀರಾ! ಕೊಚ್ಚಿ ಹಾಕಿದ್ರೂ ಸಾಯ್ಲಿಲ್ಲ ಅದು, ಮುಂಡೇದು, ಮತ್ತೆ ಚಿಗುರ್ಕೊಂಡ್ ಬಿಟ್ಟಿತ್ತು. ಸಾರ್‌ಗೆ ಗೊತ್ತಾದ್ರೆ ಬೈತಾರೆ ಅಂತ ಏಳು ಜನಾನೂ ಬಗ್ಗಿದ ಸೊಂಟ ಎತ್ತಿಲ್ಲ, ಮೂರು ದಿನ."

"ಅದನ್ನ ನೀವೇ ಕಲಸಿ ಸಾರಿಸಿದ್ದಲ್ಲೇನಮ್ಮ?"

"ಗೋಡೆ ಮಣ್ಣಿಗೆ ಹುಲ್ಲು ಕಲಸಲ್ವಾ, ಬಿರುಕು ಬಿಡ್ದೇ ಇರ್ಲಿ ಅಂತ? ಹಂಗೆ ಅನ್ಕೊಂಡ್ವಿ. ನಿಮ್ಮ ಆಫೀಸೋರು ರೋಡ್ ಪಕ್ಕ ರಾಗಿ ಬೆಳೆದು ಬೋರ್ಡು ಹಾಕಿ ತೋರಿಸ್ತಾರಲ್ಲ, ಇದೂ ಅದೇ ಅಂತ. ಇಲ್ದಿದ್ರೆ ಗರಿಕೆ ಬೆಳೆಯೋರು ಯಾರಾದ್ರೂ ಉಂಟಾ ಸಾರ್? ಪಿಚ್ಚೋಳ್ಳಾ ಏಮಿ?"

ಹುಚ್ಚರೇನು ಅಂತ ಅವಳು ಕೇಳಿದ್ದು. ಆಮೇಲೆ ಕೂತು ಯೋಚಿಸಿದಾಗ ತಪ್ಪು ಯಾರದು ಅಂತ ಗೊತ್ತಾಯಿತು. ಎಷ್ಟು ಉದ್ದ ಕೊಚ್ಚಬೇಕು, ಎಷ್ಟು ದಪ್ಪ ಸಾರಿಸಬೇಕು, ಎಷ್ಟು ಹೊತ್ತಿಗೆ ನೀರು ಹಾಕಬೇಕು, ಎಲ್ಲ ಹೇಳಿದ್ದೆ. ಕೊನೆಗೆ ಅಲ್ಲಿ ಏನು ಬೆಳೆಯಬೇಕು ಅನ್ನೋದೊಂದನ್ನು ಹೇಳಿರಲಿಲ್ಲ. ರಾಗಿ ಹೊಲದಲ್ಲಿ ಜನ್ಮವಿಡೀ ಗರಿಕೆ ಕಿತ್ತ ಕೈಗಳು ಅವು. ನಮ್ಮಜ್ಜಿಯೂ ಅಷ್ಟೆ. ಮನೆಯಲ್ಲಿ ತಲೆ ಮೇಲೆ ಕೈಯಿಟ್ಟು "ಗರಿಕೆ ಹಂಗೆ ಹಬ್ಬು ಕಣಪ್ಪ" ಅಂತ ಹರಸುತ್ತಿದ್ದಳು, ಹೊಲಕ್ಕೆ ಹೋದರೆ ಅದೇ ಬಾಯಲ್ಲಿ ಅದೇ ಗರಿಕೆಗೆ ಹಿಡಿಶಾಪ.

ಸಾಹೇಬರು ಆ ಸಂಜೆಯೇ ಬಂದರು. ಭತ್ತದ ಸೀಮೆಯವರಲ್ಲವೇ, ಅಂಗಳ ನೋಡಿ ಮುಖ ಅರಳಿತು. "ವೆರಿ ಗುಡ್ ಆಂಜಿನಪ್ಪ! ಎಷ್ಟು ಸಮನಾಗಿ ಬಂದಿದೆ. ಸ್ವಲ್ಪ ಎತ್ತರ ಆಯ್ತು, ಕತ್ತರಿಸಿದ್ರೆ ಸರಿಹೋಗುತ್ತೆ ಅಲ್ವಾ?"

ನಾನು ಸುಮ್ಮನಿದ್ದೆ. ಸುಮ್ಮನಿದ್ದು ಬದುಕಿಬಿಡುತ್ತಿದ್ದೆನೋ ಏನೋ. ನಾರೆಮ್ಮ ಬಿಡಬೇಕಲ್ಲ. "ಕತ್ತರಿಸ್ಬೇಡಿ ಸಾಮಿ, ಒಳ್ಳೇ ರಾಗಿ. ದಪ್ಪ ತೆನೆ ಬರುತ್ತೆ" ಅಂದುಬಿಟ್ಟಳು.

ಸಾಹೇಬರು ಟೇಪನ್ನು ಜೇಬಿಗೆ ಇಳಿಬಿಟ್ಟರು. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ, "ಇನ್ನು ಒಂದು ತಿಂಗಳೂ ಇಲ್ಲ. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಹೇಳ್ತೀನಿ. ಉದ್ಘಾಟನೆ ದಿನ ಈ ಅಂಗಳದಲ್ಲಿ ನನ್ನ ಕಣ್ಣಿಗೆ ಕೆಂಪು ಮಣ್ಣು ಕಂಡ್ರೆ, ಮಾರನೇ ದಿನದಿಂದ ಕಂಟ್ರಾಕ್ಟರು ಬರ್ತಾರೆ. ಈ ಏಳು ಜನ ಮನೇಲಿರ್ಲಿ" ಅಂದು ಹೊರಟುಹೋದರು.

ಹೆಂಗಸರೆಲ್ಲ ಕೇಳಿಸಿಕೊಂಡರು. ನಾರೆಮ್ಮ ಹೋಗಿ ಹೊಂಗೆ ಮರದ ಬುಡದಲ್ಲಿ ಕೂತಳು. ನಾನು ಹತ್ತಿರ ಹೋಗಿ, "ತಪ್ಪು ನಂದು ನಾರೆಮ್ಮ. ಅಲ್ಲಿ ಬೇಕಾಗಿದ್ದು ಗರಿಕೆ. ಅದರ ಮೇಲೆ ದೊಡ್ಡೋರು ಕುರ್ಚಿ ಹಾಕ್ಕೊಂಡು ಕೂರ್ತಾರೆ" ಅಂದೆ.

"ಗರಿಕೆ ಮೇಲಾ?"

"ಹೂಂ."

"ಗರಿಕೆ ಬೇಕಾಗಿತ್ತಾ ನಿಮ್ಗೆ? ಬರೀ ಗರಿಕೆ?" ಅವಳು ಎದ್ದು ನಿಂತಳು. "ಅಯ್ಯೋ ದೇವುಡಾ! ಮೊದ್ಲೇ ಹೇಳ್ಬಾರ್ದಾ! ಅದು ಹೆಂಗೆ ಹಬ್ಬುತ್ತೆ ಅಂತ ನಮಗಿಂತ ಯಾರಿಗೆ ಗೊತ್ತು? ನಮ್ಮತ್ತೆ ಹೊಲದಲ್ಲಿ 'ಹಿಂಗೆ ಮಾಡ್ಬೇಡ ಕಣೇ, ಗರಿಕೆ ಹಬ್ಬುತ್ತೆ' ಅಂತ ಏನೇನ್ ಬೈತಿದ್ಳೋ, ಅದನ್ನೆಲ್ಲಾ ಮಾಡಿದ್ರಾಯ್ತು!"

ನಾನು ಇಲಾಖೆಯಲ್ಲಿ ಕೇಳಿದ ಉಪನ್ಯಾಸಗಳಲ್ಲೆಲ್ಲ ಇಷ್ಟು ತಿಳಿಯಾದ ಮಾತು ಕೇಳಿಲ್ಲ.

ರಾಶಿಯನ್ನು ಕೆದಕಿದಳು. ಮೇಲೆ ಒಣಗಿದ್ದರೂ ನೆರಳಿನಲ್ಲಿದ್ದದ್ದರಿಂದ ಒಳಗೆ ಹಸಿರಿತ್ತು. "ಅತ್ತೆ ನೋಡಿದ್ರೆ ಸಾಯಿಸೋಳು. ಕಿತ್ತಿದ್ದನ್ನ ಬಂಡೆ ಮೇಲೆ ಬಿಸಿಲಿಗೆ ಒಣಗಿಸ್ಬೇಕು ಅನ್ನೋಳು. ನಮ್ಮ ಸೋಮಾರಿತನ ಒಳ್ಳೇದೇ ಆಯ್ತು." ಮೊದಲು ರಾಗಿ ಪೈರು ಕಿತ್ತರು. ಅದನ್ನು ಬಿಸಾಡಲು ಯಾರಿಗೂ ಮನಸ್ಸಾಗಲಿಲ್ಲ. ನಾಟಿಯ ಕಾಲ, ಕಂತೆ ಕಟ್ಟಿ ಬಸ್ಸಿನಲ್ಲಿ ಸಾದಲಿಗೆ ತೆಗೆದುಕೊಂಡು ಹೋಗಿ ತಂತಮ್ಮ ಹೊಲಗಳಿಗೆ ನೆಟ್ಟರು. ಸರ್ಕಾರಿ ಲಾನಿನ ರಾಗಿ!

ಆಮೇಲೆ ಶುರುವಾಯಿತು ಅತ್ತೆಯ ವಿಧಾನ. ಮಳೆ ಬಿದ್ದು ನೆಲ ಹಸಿಯಿರುವಾಗ ಗುದ್ದಲಿ ಹಾಕಬಾರದು, ಹಾಕಿದರೆ ಒಂದು ಬೇರು ಹತ್ತಾಗುತ್ತೆ. ಆದ್ದರಿಂದ ಪುಷ್ಯ ಮಳೆಯಲ್ಲಿ ನೆನೆಯುತ್ತಲೇ ನೆಲದೊಳಗೆ ಉಳಿದ ಬೇರುಗಳನ್ನು ಗುದ್ದಲಿಯಿಂದ ಕಡಿದರು. ಗಿಣ್ಣಿರುವ ತುಂಡನ್ನು ಕೆಸರಿನಲ್ಲಿ ತುಳಿಯಬಾರದು. ಆದ್ದರಿಂದ ರಾಶಿಯಲ್ಲಿದ್ದದ್ದನ್ನು ತುಂಡು ಮಾಡಿ ಹರಡಿ, ಏಳು ಜನ ಸಾಲಾಗಿ ಭುಜ ಹಿಡಿದುಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ತುಳಿದರು. ತುದಿ ಚಿವುಟಿ ಬಿಡಬಾರದು, ಚಿವುಟಿದರೆ ಪಕ್ಕಕ್ಕೆ ಕವಲೊಡೆಯುತ್ತೆ. ಚಿವುಟಿದರು. ಒಂದೊಂದಕ್ಕೂ "ಅತ್ತೇ, ತಪ್ಪಾಯ್ತು!" ಅಂತ ಕೂಗಿ ನಗುವುದು ಬೇರೆ. ಸಾಹೇಬರು ಕಿಟಕಿಯಿಂದ ನೋಡಿ, ಇವರಿಗೆ ಕೆಲಸ ಹೋಗುವ ಭಯಕ್ಕೆ ಏನೋ ಆಗಿದೆ ಅಂದುಕೊಂಡಿರಬೇಕು.

ಗರಿಕೆ ಓಡಿತು. ದಿನ ಬೆಳಗಾದರೆ ಬೆರಳುದ್ದ ಮುಂದೆ. ನಾವೂ ಅದರ ಹಿಂದೆ. ಉದ್ಘಾಟನೆಯ ಹಿಂದಿನ ದಿನ ಸಂಜೆ ನಾನೂ ನಾರೆಮ್ಮನೂ ಅಂಗಳ ಸುತ್ತಿದೆವು. ಎಲ್ಲ ಹಸಿರು. ಎಂಟು ಕಡೆ ಮಾತ್ರ ಮೊರದಗಲ ಬೋಳು, ಎದ್ದು ಕಾಣುವ ಕೆಂಪು.

"ಇನ್ನು ನಾಲ್ಕು ದಿನ ಇದ್ದಿದ್ರೆ ಮುಚ್ಚಿಬಿಡ್ತಿತ್ತು" ಅಂದೆ. ನಾರೆಮ್ಮ ಬೋಳು ಜಾಗಗಳನ್ನು ಎಣಿಸುತ್ತಿದ್ದಳು.

ಮಾರನೆ ದಿನ ಅತಿಥಿಗಳಿಗೆ ಪೂರ್ಣಕುಂಭ ಹಿಡಿಯಲು ಹೆಂಗಸರು ಬೇಕಾಗಿದ್ದರು. ನಾರೆಮ್ಮ ಮುಂದೆ ಬಂದು, "ನಾವಿದೀವಲ್ಲ" ಅಂದಳು. ಏಳು ಜನವೂ ಮದುವೆ ಸೀರೆಯುಟ್ಟು, ಹೂ ಮುಡಿದು, ಕಳಶ ಹಿಡಿದು ನಿಂತರು. ಆದರೆ ಬಾಗಿಲಲ್ಲಿ ಸಾಲಾಗಿ ಅಲ್ಲ. ಒಬ್ಬಳು ಅಲ್ಲಿ, ಇನ್ನೊಬ್ಬಳು ಇಲ್ಲಿ, ಅಂಗಳದ ತುಂಬ ಚದುರಿ, ಸೀರೆಯ ನೆರಿಗೆಯನ್ನು ನೆಲಕ್ಕೆ ತಾಗುವಂತೆ ಅಗಲ ಬಿಟ್ಟುಕೊಂಡು.

ಅತಿಥಿಗಳು ಬಂದರು. ಹಾರ ಹಾಕಿಸಿಕೊಂಡರು. ಹೆಂಗಸರು ನಿಂತಲ್ಲಿಂದ ಕದಲಲಿಲ್ಲ. ಸಾಹೇಬರು ನನ್ನ ಪಕ್ಕಕ್ಕೆ ಸರಿದು, "ಇವರು ಯಾಕೆ ಹೀಗೆ ನಿಂತಿದಾರೆ?" ಅಂದರು.

"ಈ ಕಡೆ ಪದ್ಧತಿ ಸಾರ್" ಅಂದೆ.

ಅವರು ಒಬ್ಬೊಬ್ಬರ ಪಾದದ ಕಡೆ ನೋಡಿದರು. ಮತ್ತೆ ನೋಡಿದರು. ಅಳತೆಯ ಮನುಷ್ಯ, ಅರ್ಥವಾಗದೆ ಇರುತ್ತದೆಯೇ? ಆಮೇಲೆ ಅವರ ಕಣ್ಣು ಧ್ವಜದ ಕಂಬದ ಹತ್ತಿರ ನಿಂತಿತು. ಅಲ್ಲಿತ್ತು ಎಂಟನೆಯದು. ಏಳು ಜನಕ್ಕೆ ಎಂಟು ಜಾಗ ಮುಚ್ಚಲಾಗುವುದಿಲ್ಲ. ನಾನು ತಲೆ ತಗ್ಗಿಸಿದೆ. ಮುಗಿಯಿತು ಅಂದುಕೊಂಡೆ.

ತಲೆ ಎತ್ತಿದಾಗ ಸಾಹೇಬರು ನನ್ನ ಪಕ್ಕದಲ್ಲಿರಲಿಲ್ಲ. ವೇದಿಕೆಯ ಮೇಲೆ ಅವರ ಕುರ್ಚಿ ಖಾಲಿ. ಅವರು ಧ್ವಜದ ಕಂಬದ ಹತ್ತಿರ ಎರಡೂ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಮೂವರ ಭಾಷಣ ಮುಗಿಯುವವರೆಗೂ ಅಲ್ಲಿಂದ ಅಲ್ಲಾಡಲಿಲ್ಲ. "ಬನ್ನಿ ಸಾರ್, ಕೂತ್ಕೊಳ್ಳಿ" ಅಂತ ಯಾರೋ ಕರೆದರೆ, "ಇಲ್ಲೇ ಗಾಳಿ ಚೆನ್ನಾಗಿದೆ" ಅಂದರಂತೆ.

ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು ಆ ಆಲ್ಬಮ್ಮನ್ನು ಕೈಗಿಟ್ಟರು. "ಇದನ್ನ ಅವರಿಗೆ ಪೋಸ್ಟ್ ಮಾಡಿಬಿಡಿ. ನನ್ನ ಕಣ್ಣಿಗೆ ಕೆಂಪು ಮಣ್ಣು ಕಾಣ್ಲಿಲ್ಲ" ಅಂದರು. ಸ್ವಲ್ಪ ತಡೆದು, "ವರದಿಗೆ ಬೇಕು. ಕೊನೆಗೆ ಯಾವ ವಿಧಾನ ಅಂತ ಬರೆಯೋದು ಆಂಜಿನಪ್ಪ?" ಅಂತ ಕೇಳಿದರು.

ಅತ್ತೆಯ ವಿಧಾನ ಅಂತ ಹೇಳಬೇಕು ಅನ್ನಿಸಿತು. "ಬೇರು ನೆಡೋದು ಅಂತ ಬರ್ಕೊಳಿ ಸಾರ್" ಅಂದೆ.

ಹಾಗಾಗಿ ಮಗೂ, ಫೋನಿನಲ್ಲಿ ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದು: ಇಳಿಜಾರು ನೋಡು, ಮಳೆ ನೋಡು, ಆಮೇಲೆ ಅಲ್ಲಿ ಬಗ್ಗಿ ಕೆಲಸ ಮಾಡುವವರ ಪಕ್ಕ ನೀನೂ ಕೂತು, ಇಲ್ಲಿ ಏನು ಬೆಳೆಯಬೇಕು ಅಂತ ಮೊದಲು ಹೇಳು. ವಿಧಾನವನ್ನು ಅವರೇ ಹೇಳುತ್ತಾರೆ.

ಅವತ್ತು ಸಂಜೆ ಕುರ್ಚಿಗಳನ್ನೆಲ್ಲ ಎತ್ತಿಸುವಾಗ ನೋಡುತ್ತೇನೆ, ಮದುವೆ ಸೀರೆಯ ನಾರೆಮ್ಮ ಲಾನಿನ ನಡುವೆ ಬಗ್ಗಿದ್ದಾಳೆ. "ನಾರೆಮ್ಮಾ! ಕೈ ತೆಗಿ!" ಅಂತ ಕೂಗಿದೆ.

ಅವಳು ಮೆಲ್ಲಗೆ ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದಳು. ಒಂದು ಒಂಟಿ ರಾಗಿ ಪೈರು.

"ಇದೊಂದು ಉಳ್ಕೊಂಡ್ಬಿಟ್ಟಿತ್ತು ಸಾರ್. ಕಳೆ" ಅಂದಳು.

ಕಳೆ ಅಂದಳು, ಬಿಸಾಡಲಿಲ್ಲ. ಬೇರಿನ ಮಣ್ಣು ಕೊಡವಿ, ಮಡಿಲಿಗೆ ಹಾಕಿಕೊಂಡು ಸಾದಲಿಯ ಬಸ್ಸಿಗೆ ಹೊರಟಳು.